ಗುಬ್ಬಿಯ ಸಿಮೆಂಟ್ ಆನೆಗೆ ನೀರು ಹಾಕದ ಮೂರು ದಿನ

ನಾನು ಮಾಡಬೇಕಾಗಿದ್ದ ಕೆಲಸ ದೊಡ್ಡದೇನಲ್ಲ. ಗುಬ್ಬಿಯ ಒಂದು ಮಕ್ಕಳ ಪಾರ್ಕಿನಲ್ಲಿ ಹೊಸದಾಗಿ ಕಟ್ಟಿದ ಸಿಮೆಂಟ್ ಆನೆಯ ಮೇಲೆ ಹತ್ತು ದಿನ, ದಿನಕ್ಕೆ ಮೂರು ಸಲ ನೀರು ಸುರಿಯಬೇಕಿತ್ತು. ಏಳು ದಿನ ಸುರಿದೆ. ಎರಡನೇ ದಿನದಿಂದ ನಾಲ್ಕನೇ ದಿನದ ಸಂಜೆಯವರೆಗೆ ಸುರಿಯಲಿಲ್ಲ. ಆಮೇಲೆ ಕೇಳಿದವರಿಗೆಲ್ಲ ಹತ್ತು ದಿನವೂ ಸುರಿದೆ ಎಂದು ಹೇಳಿದೆ. ಈ ಸುಳ್ಳಿನ ಮೇಲೆ ನನ್ನ ಕಸುಬು ನಿಂತಿತು, ನನ್ನ ಅಣ್ಣನ ಕಸುಬು ಬಿದ್ದುಹೋಯಿತು.

ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಇಲ್ಲದಿದ್ದರೆ ಹುಲಿ ಮಾಡಿದೆ, ಜಿರಾಫೆ ಮಾಡಿದೆ ಎಂದು ಹೇಳುತ್ತ ಕೊನೆಯವರೆಗೂ ತಪ್ಪಿಸಿಕೊಂಡು ಓಡಾಡುತ್ತೇನೆ. ನನಗೆ ಆ ಅಭ್ಯಾಸವಿದೆ.

ಮಕ್ಕಳ ಪಾರ್ಕಿಗೆ, ನರ್ಸರಿ ಶಾಲೆಗೆ ಗೊಂಬೆ ಮಾಡುವುದರಲ್ಲೇ ನನ್ನ ಆಯುಸ್ಸು ಹೋಯಿತು. ಮಂಡಿ ಬಗ್ಗುವುದು ನಿಂತ ಮೇಲೆ ಗಾರೆ ಬಳಿಯುವ ಕರಣೆ ಕೆಳಗಿಟ್ಟೆ. ಈಗ ಫೈಬರ್ ಅಚ್ಚಿನಲ್ಲಿ ಗೊಂಬೆ ತೆಗೆಯುವ ಹುಡುಗ ಹುಡುಗಿಯರು ತುಮಕೂರಿನ ನಮ್ಮ ಮನೆಗೆ ಬಂದು ಕೂರುತ್ತಾರೆ. ಅವರದೆಲ್ಲ ಒಂದೇ ಪ್ರಶ್ನೆ. "ಅಜ್ಜಿ, ಈಗಿನ ಮಕ್ಕಳು ಮೊಬೈಲ್ ಬಿಟ್ಟು ತಲೆ ಎತ್ತಲ್ಲ. ದೊಡ್ಡ ದೊಡ್ಡ ಪಾರ್ಕಿಗೆ ಕರ್ಕೊಂಡೋದ್ರೆ ಸೀದಾ ನೀರಾಟಕ್ಕೆ ಓಡ್ತವೆ. ಈ ಹಳೇ ಕಾರ್ಟೂನ್ ಗೊಂಬೆ ಅವಕ್ಕೆ ಇನ್ನೂ ಬೇಕಾ?" ನಿಮ್ಮ ಅನುಭವ ಬರೆದುಕೊಡಿ ಎಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯಲು ಕೂತರೆ ಎರಡು ಸಾಲಿಗೊಮ್ಮೆ ಎದ್ದು ಅಡುಗೆಮನೆಗೆ ಹೋಗಿ ಬರುತ್ತೇನೆ. ಹಾಗೇ ಬರೆದಿದ್ದೇನೆ, ಹಾಗೇ ಓದಿಕೊಳ್ಳಿ.

ಕೆಲಸ ಕಲಿಸಿದವನು ನನ್ನ ಅಣ್ಣ ರುದ್ರಪ್ಪ. ನನಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ನನ್ನನ್ನು ಸಾಕಿದವನೂ ಅವನೇ. ಮೊದಲು ಮನೆಗಳ ಮುಂದೆ ಸಿಂಹ, ಗಿಣಿ, ಛತ್ರಗಳ ಬಾಗಿಲ ಮೇಲೆ ಬಸವ, ಇಂಥವನ್ನು ಗಾರೆಯಲ್ಲಿ ಮಾಡುತ್ತಿದ್ದ. ಎಪ್ಪತ್ತರ ದಶಕದಲ್ಲಿ ಊರೂರಿಗೂ ಮಕ್ಕಳ ಪಾರ್ಕು ಬೇಕು ಎಂಬ ಗೀಳು ಶುರುವಾಯಿತು. ಜಾರುಬಂಡೆಗೆ ಆನೆಯ ರೂಪ, ಕಸದ ಬುಟ್ಟಿಗೆ ಮೊಲದ ರೂಪ ಕೊಡುವವರು ಬೇಕಾದರು. ಅಣ್ಣನಿಗೆ ಕೆಲಸ ಬಂತು. ಮರಳು ಜರಡಿ ಹಿಡಿಯಲು, ನೀರು ಹೊರಲು, ಆಮೇಲಾಮೇಲೆ ಬಣ್ಣ ಹಚ್ಚಲು ನಾನು ಜೊತೆಗೆ ಹೋದೆ.

ಅಣ್ಣನ ಕೆಲಸದ ಕ್ರಮವನ್ನು ಹೊಸಬರು ತಿಳಿದುಕೊಳ್ಳಬೇಕು. ಅವನು ನೇರವಾಗಿ ಕಂಬಿ ಬಗ್ಗಿಸುತ್ತಿರಲಿಲ್ಲ. ಮೊದಲು ಆ ಜಾಗದಲ್ಲಿ ಹಸಿ ಮಣ್ಣಿನ ಗುಡ್ಡೆ ಹಾಕಿ ಆನೆಯದೋ ಒಂಟೆಯದೋ ಬೆನ್ನಿನಷ್ಟು ಎತ್ತರ ಮಾಡುತ್ತಿದ್ದ. ಸುತ್ತಲಿನ ಮಕ್ಕಳನ್ನು ಕರೆದು ಒಂದು ಸಂಜೆಯೆಲ್ಲ ಹತ್ತಿ ಇಳಿಯಲು ಬಿಡುತ್ತಿದ್ದ. ತಾನು ಬೀಡಿ ಹಚ್ಚಿ ದೂರ ಕೂರುತ್ತಿದ್ದ. ಮರುದಿನ ಮಣ್ಣಿನ ಮೇಲೆ ಎಲ್ಲೆಲ್ಲಿ ಪುಟ್ಟ ಹೆಜ್ಜೆ ಮೂಡಿದೆಯೋ ಅಲ್ಲಲ್ಲಿ ಮೆಟ್ಟಿಲು, ಎಲ್ಲಿ ಕೈ ಊರಿದೆಯೋ ಅಲ್ಲಿ ಹಿಡಿಕೆ ಇಡುತ್ತಿದ್ದ. "ಮಗು ಮೊದ್ಲು ಮುಖ ನೋಡಲ್ಲ ಕಣವ್ವ ಸಿದ್ದಿ, ಕಾಲಿಡಕ್ಕೆ ಜಾಗ ನೋಡ್ತದೆ. ಮುಖ ಆಮೇಲೆ" ಎನ್ನುತ್ತಿದ್ದ.

ಕುಣಿಗಲ್ಲಿನಲ್ಲಿ ಇದಕ್ಕೇ ಒಂದು ಜಗಳವಾಯಿತು. ಅಲ್ಲಿ ಪಾರ್ಕು ಮಾಡಿಸುತ್ತಿದ್ದ ಒಬ್ಬ ಯಜಮಾನರು ಬೆಂಗಳೂರಿನಿಂದ ಇಂಗ್ಲಿಷ್ ಚಿತ್ರಪುಸ್ತಕ ತಂದಿದ್ದರು. ಕೋಟು ತೊಟ್ಟು, ಟೊಪ್ಪಿಗೆ ಇಟ್ಟು, ಎರಡು ಕಾಲಿನ ಮೇಲೆ ನಿಂತ ಇಲಿ.

"ಇಂಥದ್ದೇ ಆಗ್ಬೇಕು ರುದ್ರಪ್ಪ. ಫಾರಿನ್ ಮಕ್ಕಳು ಇದನ್ನ ಕಂಡ್ರೆ ಊಟ ಬಿಡ್ತವೆ."

"ಇಲಿಗೆ ಕೋಟು ಯಾಕೆ ಸ್ವಾಮಿ, ಚಳೀನಾ?"

"ಕಾರ್ಟೂನ್ ಕಣಯ್ಯ ಅದು. ಹೇಳಿದ್ದು ಮಾಡು."

ಅಣ್ಣ ಮಾಡಿದ. ಆದರೆ ಬಾಲವನ್ನು ಪುಸ್ತಕದಲ್ಲಿದ್ದಂತೆ ಬಿಡದೆ ದಪ್ಪಗೆ, ಉದ್ದಕ್ಕೆ, ನುಣ್ಣಗೆ ಎಳೆದು ಮಕ್ಕಳು ಜಾರುವಂತೆ ಮಾಡಿದ. ಯಜಮಾನರು ಬಂದು ನೋಡಿ ಸಿಡುಕಿದರು. "ಪುಸ್ತಕದಲ್ಲಿ ಬಾಲ ಇಷ್ಟುದ್ದ ಎಲ್ಲಿದೆಯಯ್ಯ?"

"ಪುಸ್ತಕದ ಇಲಿ ಮೇಲೆ ಯಾರೂ ಹತ್ತಲ್ಲವಲ್ಲ ಸ್ವಾಮಿ" ಎಂದ ಅಣ್ಣ.

ಆ ಇಲಿ ಯಾರೆಂದು ಕುಣಿಗಲ್ಲಿನ ಮಕ್ಕಳಿಗೆ ಗೊತ್ತಿರಲಿಲ್ಲ. ಅವು ಅದಕ್ಕೆ ಕೋಟಪ್ಪ ಎಂದು ಹೆಸರಿಟ್ಟು ಬಾಲದ ಮೇಲೆ ಸಾಲು ನಿಂತವು. ಮೊದಲ ಶುಕ್ರವಾರವೇ ಒಬ್ಬ ಹೆಂಗಸು ಬಂದು ಅದರ ಹಣೆಗೆ ಕುಂಕುಮ ಇಟ್ಟು ಕಣಗಿಲೆ ಹೂ ಮುಡಿಸಿದಳು. ನಾನು ಅಲ್ಲೇ ಬಣ್ಣದ ಡಬ್ಬಿ ತೊಳೆಯುತ್ತಿದ್ದೆ.

"ಬರೀ ವಾಹನ ಮಡಗಿದೀರಲ್ಲವ್ವ, ಗಣಪ್ಪ ಎಲ್ಲಿ?"

"ಗಣಪ್ಪಂದಲ್ಲ ಕಣಕ್ಕ, ಇದು ಕಾರ್ಟೂನು."

"ಅಂಗಾರೆ ಆ ಕಾರ್ಟೂನಪ್ಪನೇ ಕಾಪಾಡ್ಲಿ ಬುಡು" ಎಂದು ಕೈ ಮುಗಿದು ಹೋದಳು. ಅಣ್ಣ ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕ. ಅವನು ಹಾಗೆ ನಗುತ್ತಿದ್ದ ಕಾಲ ಅದು.

ಗುಬ್ಬಿಯ ಆನೆಗೆ ಬರುತ್ತೇನೆ. ಅಣ್ಣ, ಅತ್ತಿಗೆ, ನಾನು ಗುಬ್ಬಿಯಲ್ಲೇ ಬಾಡಿಗೆ ಮನೆಯಲ್ಲಿದ್ದೆವು. ನನಗೆ ಹತ್ತೊಂಬತ್ತು ವರ್ಷ. ಒಂದು ಬೀದಿಯವರು ಸಮಿತಿ ಮಾಡಿಕೊಂಡು ಪಾರ್ಕು ಮಾಡಿಸುತ್ತಿದ್ದರು. ಕೆಲಸ ನೋಡಿಕೊಳ್ಳಲು ಒಬ್ಬ ರಿಟೈರಾದ ಓವರ್‌ಸಿಯರ್ ಇದ್ದರು. ಆಗ ಸಿಮೆಂಟು ಪರ್ಮಿಟ್ಟಿನ ಮೇಲೆ ಮಾತ್ರ ಸಿಗುತ್ತಿತ್ತು. ಒಂದು ಮೂಟೆಗೆ ತಿಂಗಳುಗಟ್ಟಲೆ ಅಲೆಯಬೇಕು. ಹಾಗಾಗಿ ಯಾವ ಗೋಡೆ ಬಿರಿದರೂ ಜನ ಮೊದಲು ಆಡುತ್ತಿದ್ದ ಮಾತು: ಮೇಸ್ತ್ರಿ ಸಿಮೆಂಟು ಮಾರಿಕೊಂಡ. ಓವರ್‌ಸಿಯರ್ ಮೂಟೆಗಳನ್ನು ತಮ್ಮ ಮನೆಯಲ್ಲೇ ಬೀಗ ಹಾಕಿಟ್ಟು ದಿನಕ್ಕೆ ಬೇಕಾದಷ್ಟು ಮಾತ್ರ ಕೊಡುತ್ತಿದ್ದರು.

ಆನೆ ಚೆನ್ನಾಗಿ ಬಂತು. ಬೆನ್ನ ಹಿಂದೆ ಮೆಟ್ಟಿಲು, ತಲೆಯ ಮೇಲೆ ಕೂರುವ ಜಾಗ, ಸೊಂಡಿಲೇ ಜಾರುಬಂಡೆ. ಗಾರೆ ಮುಗಿದ ದಿನ ಗೋಣಿಚೀಲ ಹೊದಿಸಿ ನೀರು ಹಾಕಿದೆವು. ಅಷ್ಟರಲ್ಲಿ ಯಡಿಯೂರಿನ ಒಂದು ಛತ್ರದ ಕೆಲಸಕ್ಕೆ ಅಣ್ಣನಿಗೆ ಕರೆ ಬಂದಿತ್ತು. ಅತ್ತಿಗೆ ತವರಿಗೆ ಹೋಗಿದ್ದಳು. ಅದೇ ಸಂಜೆ ಹೊರಡುವಾಗ ಹೇಳಿದ:

"ಸಿದ್ದಿ, ಗೋಣಿ ಒಣಗ್ಬಾರದು. ಹಸೀ ಬಾಣಂತಿ ಇದ್ದಂಗೆ ಇದು. ಈಗ ನೋಡ್ಕೊಂಡಂಗೆ ಜೀವಮಾನ ಇರ್ತದೆ."

"ಗೊತ್ತು ಹೋಗಣ್ಣ. ನಾನೇನ್ ನಿನ್ನೆ ಮೊನ್ನೆ ಬಂದವಳಾ?"

ಮರುದಿನ ಬೆಳಿಗ್ಗೆ ತುಮಕೂರಿನ ಶಿರಾ ಗೇಟಿನಿಂದ ನಮ್ಮ ದೊಡ್ಡಪ್ಪನ ಮಗಳು ಜಯಮ್ಮ ಬಂದಳು. ತುಮಕೂರಿಗೆ ಎಕ್ಸಿಬಿಷನ್ ಬಂದಿದೆ, ಆಕಾಶದೆತ್ತರ ತಿರುಗುವ ತೊಟ್ಟಿಲು ಬಂದಿದೆ, ಹೊರಡು ಎಂದಳು. ಸಂಜೆ ಬಸ್ಸಿಗೆ ವಾಪಸು ಬರುತ್ತೇನೆ ಎಂದುಕೊಂಡೇ ಹೊರಟೆ. ಹೊರಡುವ ಮುಂಚೆ ಒಂದು ಕೊಡ ನೀರನ್ನೂ ಹಾಕಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಆ ತೊಟ್ಟಿಲಿನಲ್ಲಿ ಕೂತಾಗ ನನಗೆ ಆದದ್ದನ್ನು ಸುಳ್ಳು ಮಾಡಿ ಬರೆಯಲಾರೆ. ಸಂತೋಷವಾಯಿತು. ಕೆಳಗೆ ಪ್ಲೈವುಡ್ಡಿನಲ್ಲಿ ಕತ್ತರಿಸಿ ನಿಲ್ಲಿಸಿದ ಬಣ್ಣಬಣ್ಣದ ಗೊಂಬೆಗಳಿದ್ದವು, ನಮ್ಮ ಕೋಟಪ್ಪನ ಅಣ್ಣತಮ್ಮಂದಿರ ಹಾಗೆ. ನಗುವ ಕರಡಿ, ಟೈ ಕಟ್ಟಿದ ನರಿ. ಒಬ್ಬ ಪೇಂಟರ್ ಅವಕ್ಕೆ ಕಣ್ಣು ಬರೆಯುತ್ತಿದ್ದ. ಕರಿಗುಡ್ಡೆಯೊಳಗೆ ಒಂದು ಬಿಳಿ ಚುಕ್ಕೆ ಇಟ್ಟ ಕೂಡಲೇ ಅದು ನೋಡತೊಡಗುತ್ತಿತ್ತು. ನಾನು ಅಲ್ಲೇ ನಿಂತೆ. ಜಯಮ್ಮನ ಮನೆಯಲ್ಲೇ ಉಳಿದು ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ಕೆಲಸ ಕಲಿಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ತೊಟ್ಟಿಲು ಮೇಲೆ ಹೋದಾಗ ಗುಬ್ಬಿ ಯಾವ ದಿಕ್ಕಿಗೆ ಎಂದು ಹುಡುಕಿದೆ. ಒಂದೇ ಸಲ.

ನಾಲ್ಕನೇ ದಿನದ ಸಂಜೆ ಬಂದು ನೋಡಿದರೆ ಗೋಣಿ ಹಪ್ಪಳದಂತಾಗಿತ್ತು. ಗಾರೆ ಮುಗಿದ ಮೇಲೆ ಓವರ್‌ಸಿಯರೂ ಆ ಕಡೆ ಬಂದಿರಲಿಲ್ಲ. ಬೇಸಿಗೆಯ ಬಿಸಿಲು. ಬೆನ್ನಿನ ಭಾಗ ಬೇವಿನ ಮರದ ನೆರಳಿನಲ್ಲಿದ್ದುದರಿಂದ ಪರವಾಗಿಲ್ಲ ಅನಿಸಿತು. ಸೊಂಡಿಲಿನ ಮೇಲೆ ಕೂದಲೆಳೆಯಂಥ ಬಿರುಕುಗಳು ಓಡಾಡಿದ್ದವು. ನಾನು ಗಾಬರಿಯಿಂದ ಕೊಡದ ಮೇಲೆ ಕೊಡ ಸುರಿದೆ. ಉಳಿದ ದಿನಗಳಲ್ಲಿ ಒಂದು ಹೊತ್ತೂ ತಪ್ಪಿಸಲಿಲ್ಲ. ಒಣಗಿಹೋದ ಸಿಮೆಂಟಿಗೆ ಆಮೇಲೆ ಸುರಿದ ನೀರು ಸತ್ತವರ ಬಾಯಿಗೆ ಬಿಟ್ಟ ನೀರಿನ ಹಾಗೆ ಎಂದು ನನಗೆ ಗೊತ್ತಿತ್ತು. ಕೊನೆಯ ದಿನ ಉಳಿದಿದ್ದ ಒಂದು ಹಿಡಿ ಸಿಮೆಂಟನ್ನು ತೆಳ್ಳಗೆ ಕಲಸಿ ಬಿರುಕಿಗೆಲ್ಲ ಸವರಿ, ಅಣ್ಣ ಬರುವ ಮೊದಲೇ ಸೊಂಡಿಲಿಗೆ ಬೂದು ಬಣ್ಣ ಹೊಡೆದುಬಿಟ್ಟೆ.

ಅಣ್ಣ ಬಂದು ಬೆನ್ನಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ. ಗಟ್ಟಿ ಸದ್ದು ಬಂತು. "ಬಣ್ಣಕ್ಕೆ ನಾನು ಬರೋಗಂಟ ಕಾಯಬಾರದಿತ್ತಾ?" ಎಂದ. ಉದ್ಘಾಟನೆ ಹತ್ತಿರ ಬಂತಲ್ಲ ಎಂದೆ. "ನೀರು ಸರಿಯಾಗಿ ಹಾಕಿದ್ಯಾ?" ಹಾಕಿದೀನಿ ಎಂದೆ. ಅವನು ಸೊಂಡಿಲನ್ನು ಕುಟ್ಟಲಿಲ್ಲ. ಆನೆಗೆ ನಾನು ಬರೆದ ಕಣ್ಣು ನೋಡುತ್ತ ನಿಂತ. ಬಿಳಿ ಚುಕ್ಕೆ ಇಟ್ಟಿದ್ದೆ. "ಎಲ್ಲಿ ಕಲಿತ್ಯೇ ಇದನ್ನ? ನೋಡು ನೋಡು, ನನ್ನೇ ನೋಡ್ತದೆ" ಎಂದ.

ನಾಲ್ಕು ತಿಂಗಳು ಆನೆ ಮಕ್ಕಳನ್ನು ಹೊತ್ತಿತು. ಆಮೇಲೆ ಒಂದು ಭಾನುವಾರ ಸೊಂಡಿಲಿನ ಅಂಚು ಮುರಿದು ಒಬ್ಬ ಟೈಲರ್ ಮಗಳು, ಏಳು ವರ್ಷದವಳು, ಕಲ್ಲಿನ ಮೇಲೆ ಬಿದ್ದಳು. ಮಣಿಕಟ್ಟು ಮುರಿಯಿತು. ಕೈ ಕೂಡಿಕೊಂಡಿತು, ಆದರೆ ಸ್ವಲ್ಪ ಸೊಟ್ಟಗೆ. ಆ ಮಗುವಿನ ಹೆಸರು ಬರೆಯುವುದಿಲ್ಲ. ಅವಳ ಕೈ ನಾನು ಮುರಿದದ್ದು.

ಮರುದಿನ ಸಮಿತಿಯವರು ಸೇರಿದರು. ಓವರ್‌ಸಿಯರ್ ಮುರಿದ ಚೂರನ್ನು ಹೆಬ್ಬೆರಳಿನಲ್ಲಿ ಉಜ್ಜಿದರು. ಪುಡಿಪುಡಿಯಾಗಿ ಉದುರಿತು.

"ಏನಯ್ಯ ರುದ್ರಪ್ಪ, ಇದು ಸಿಮೆಂಟೋ ರಾಗಿ ಹಿಟ್ಟೋ?"

"ನೀವು ಕೊಟ್ಟಷ್ಟೂ ಹಾಕಿದೀನಿ ಸಾರ್."

"ಹಾಕಿದ್ರೆ ಹಿಂಗ್ಯಾಕೆ ಉದುರ್ತದೆ? ಯಾರ ಮನೆ ಗೋಡೆಗೆ ಹೋಯ್ತು ನಮ್ಮ ಸಿಮೆಂಟು?"

ಸುತ್ತ ನಿಂತವರಲ್ಲಿ ಯಾರೋ ನಕ್ಕರು. ಅಣ್ಣನ ಮುಖ ಕೆಂಪಾಯಿತು. "ಕೆಲಸದಲ್ಲಿ ಮೋಸ ಮಾಡಿಲ್ಲ ಸಾರ್. ಹತ್ತು ದಿನ ನೀರು ಕುಡಿಸಿದೀವಿ. ನಮ್ಮ ತಂಗಿ ಇಲ್ಲೇ ಅವಳೆ, ಬೇಕಾದ್ರೆ ಅವಳನ್ನೇ ಕೇಳಿ" ಎಂದ. ನನ್ನನ್ನು ಸಾಕ್ಷಿಗೆ ಕರೆದ. ಅವನಿಗಿದ್ದ ಸಾಕ್ಷಿ ನಾನೊಬ್ಬಳೇ.

ಓವರ್‌ಸಿಯರ್ ನನ್ನ ಕಡೆ ತಿರುಗಿದರು. "ಹೇಳಮ್ಮ. ನೀರು ಹಾಕಿದ್ಯಾ ಇಲ್ವಾ?"

"ಹಾಕಿದೀನಿ ಸಾರ್. ದಿನಕ್ಕೆ ಮೂರು ಸಲ."

"ಕೇಳಿಸ್ತೇನಯ್ಯ? ನೀರಲ್ಲಿ ತಪ್ಪಿಲ್ಲ. ಇನ್ನು ಉಳಿದದ್ದು ಸಿಮೆಂಟೇ ತಾನೆ?"

ಹೊಸಬರಿಗೆ ಇದು ಅರ್ಥವಾಗಬೇಕು. ಸಿಮೆಂಟು ಕಡಿಮೆಯಾದ ಗಾರೆಯೂ ಹಾಗೇ ಉದುರುತ್ತದೆ, ನೀರು ಕಾಣದ ಗಾರೆಯೂ ಹಾಗೇ ಉದುರುತ್ತದೆ. ಕಣ್ಣಿನಲ್ಲಿ ನೋಡಿ ಹೇಳಲಾಗದು. ಹೇಳಬಲ್ಲವಳು ನಾನೊಬ್ಬಳು. ನೀರು ಹಾಕಿದೆ ಎಂದು ನಾನು ಹೇಳಿದ ಕೂಡಲೇ ಅಣ್ಣ ಕಳ್ಳನಾದ.

ಮನೆಗೆ ಬಂದ ಮೇಲೆ ಅವನು ಊಟದ ತಟ್ಟೆ ಮುಂದೆ ಕೂತು ಹೇಳಿದ. "ನಾನು ಮಾರ್ಕೊಂಡಿಲ್ಲ ಕಣವ್ವ. ಊರು ಏನಾರ ಅನ್ಲಿ, ನೀನಾದ್ರೂ ನಂಬು."

"ನಂಬ್ತೀನಣ್ಣ" ಎಂದೆ. ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ಪೇಟೆಯಲ್ಲಿ ಅವನನ್ನು ಕಂಡವರು "ಏನ್ಲಾ ರುದ್ರ, ನಮ್ಮನೆಗೂ ಎರಡು ಮೂಟೆ ಸಿಮೆಂಟ್ ಕೊಡ್ಸೋ" ಎಂದು ಕೂಗುತ್ತಿದ್ದರು. ಬಂದಿದ್ದ ಕೆಲಸಗಳು ಒಂದೊಂದೇ ತಪ್ಪಿದವು. ಆರು ತಿಂಗಳಲ್ಲಿ ಅವನು ಅತ್ತಿಗೆಯನ್ನು ಕರೆದುಕೊಂಡು ಅವಳ ತವರು ಊರ್ಡಿಗೆರೆಗೆ ಹೋಗಿ ಸೈಕಲ್ ಪಂಕ್ಚರ್ ಅಂಗಡಿ ಇಟ್ಟ. ಕರಣೆ, ಮಟ್ಟಗೋಲು ಎಲ್ಲ ನನಗೇ ಕೊಟ್ಟ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಮೊದಲು ಮದುವೆ ಮಾತು ನಡೆಯುತ್ತಿತ್ತು. ಆಮೇಲೆ ಮದುವೆಯಾಗಿ ತುಮಕೂರಿಗೆ ಬಂದೆ, ಬಸ್ ಮೆಕ್ಯಾನಿಕ್ಕಿನ ಹೆಂಡತಿಯಾಗಿ. ಆಮೇಲೆ ಕೆಲಸ ಬಂತು. ಪ್ರತಿ ಸಲವೂ ಇದೊಂದು ಮುಗಿಯಲಿ ಎಂದುಕೊಂಡೆ. ನಿಜವೆಂದರೆ ಅಣ್ಣ ಬಿಟ್ಟುಹೋದ ಜಾಗದಲ್ಲಿ ನಾನು ನಿಂತಿದ್ದೆ. ಹೇಳಿದರೆ ಆ ಜಾಗ ಹೋಗುತ್ತಿತ್ತು.

ಮೊದಲ ಕೆಲಸ ಒಂದು ನರ್ಸರಿ ಶಾಲೆಯದು. ಅಣ್ಣನನ್ನು ಹುಡುಕಿಕೊಂಡು ಬಂದ ಹೆಡ್ ಮಿಸ್ಸು, "ಅವನಿಲ್ಲದಿದ್ರೆ ನೀನೇ ಮಾಡಮ್ಮ" ಎಂದರು. ನನ್ನ ಕಣ್ಣಿನ ವಿದ್ಯೆ ತೋರಿಸುವ ಹುರುಪಿನಲ್ಲಿ ಗೇಟಿನ ಎದುರು ಗೋಡೆಗೆ ದೊಡ್ಡ ಹುಲಿ ಬರೆದೆ. ಎರಡು ಕಣ್ಣಿಗೂ ಬಿಳಿ ಚುಕ್ಕೆ. ಸೋಮವಾರ ಒಂದು ಮಗುವೂ ಗೇಟು ದಾಟಲಿಲ್ಲ. ತಾಯಂದಿರ ಸೆರಗು ಹಿಡಿದು ಒಂದೇ ಸಮನೆ ಕಿರುಚಿದವು.

"ಏನಮ್ಮ ಸಿದ್ದಮ್ಮ, ಅಡ್ಮಿಷನ್ ಮಾಡ್ಕೊಳ್ಳೋದಾ ಬೇಡ್ವಾ ನಾನು?" ಎಂದರು ಹೆಡ್ ಮಿಸ್ಸು.

ಅಂದೇ ಏಣಿ ಹತ್ತಿ ಹುಲಿಯ ಕಣ್ಣು ಮುಚ್ಚಿಸಿದೆ, ಪಕ್ಕದಲ್ಲಿ ದಿಂಬು ಬರೆದೆ. ಮಂಗಳವಾರ ಮಕ್ಕಳು ಬಾಯಿಗೆ ಬೆರಳಿಟ್ಟುಕೊಂಡು, ಅದು ಏಳದಂತೆ ತುದಿಗಾಲಿನಲ್ಲಿ ಒಳಗೆ ಹೋದವು. ಆ ಹುಲಿಯಿಂದ ನನಗೆ ಹೆಸರು ಬಂತು. ಹತ್ತಾರು ಶಾಲೆಯವರು ಮಲಗಿದ ಹುಲಿ ಬೇಕೆಂದು ಬಂದರು. ಯಾರಾದರೂ "ಯಾರ ಹತ್ರ ಕಲಿತೆ?" ಎಂದರೆ ಅಣ್ಣನ ಹತ್ತಿರ ಎನ್ನುತ್ತಿದ್ದೆ. ಗುಬ್ಬಿ ಕಡೆಯವರಾದರೆ, "ಓ, ಸಿಮೆಂಟ್ ರುದ್ರನಾ? ನೀನಾದ್ರೂ ನಿಯತ್ತಾಗಿದೀಯ ಬುಡು" ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಮುಗಿದ ಗೊಂಬೆಗೂ ಹೋಗಿ ನೀರು ಹಾಕಿ ಬರುತ್ತಿದ್ದೆ.

ಎಂಬತ್ತರ ದಶಕದಲ್ಲಿ ಟಿವಿ ಬಂತು. ನಮ್ಮ ಕೆಲಸ ತಲೆಕೆಳಗಾಯಿತು. ಅಲ್ಲಿಯವರೆಗೆ ನಾನು ಬರೆದದ್ದೇ ಇಲಿ, ನಾನು ಬರೆದದ್ದೇ ಬಾತುಕೋಳಿ. ಈಗ ಮಕ್ಕಳು ಏಣಿಯ ಕೆಳಗೆ ನಿಂತು ತಿದ್ದತೊಡಗಿದವು. "ಆಂಟಿ, ಅದರ ಮೂಗು ಹಂಗಿರಲ್ಲ." "ಆಂಟಿ, ಅದಕ್ಕೆ ನಾಲ್ಕೇ ಬೆರಳು." ನಾನು ಪಕ್ಕದ ಮನೆಯ ಟಿವಿ ಮುಂದೆ ಪೆನ್ಸಿಲ್ ಹಿಡಿದು ಕೂರಬೇಕಾಯಿತು. ಗುರುತಿನ ಗೊಂಬೆ ಕಂಡರೆ ಮಕ್ಕಳು ಹೆಸರು ಹಿಡಿದು ಕೂಗಿ ಕುಣಿಯುತ್ತಿದ್ದವು, ಅದು ಸುಳ್ಳಲ್ಲ. ಆದರೆ ಒಂದು ವಾರವಾದ ಮೇಲೆ ಆ ಗೋಡೆಗೆ ಬೆನ್ನು ಕೊಟ್ಟು ಆಡುತ್ತಿದ್ದವು. ಅದೇ ಶಾಲೆಯ ಮೂಲೆಯಲ್ಲಿ ಅಣ್ಣನ ಕ್ರಮದಲ್ಲೇ, ಮಣ್ಣಿನ ಗುಡ್ಡೆ ಹಾಕಿ ಹೆಜ್ಜೆ ನೋಡಿ ಮಾಡಿದ ಒಂದು ಹೆಸರಿಲ್ಲದ ಕೋಳಿ ಇತ್ತು. ಹೊಟ್ಟೆಯೊಳಗೆ ನುಸುಳಿ ಬಾಲದಿಂದ ಹೊರಗೆ ಬರಬಹುದು. ಅದರ ಮುಂದಿನ ಸಾಲು ವರ್ಷಗಳಾದರೂ ಕರಗಲಿಲ್ಲ. ಹಳೆಯ ಗೊಂಬೆ ಬೇಕೇ ಎಂದು ನೀವು ಕೇಳುವ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇಷ್ಟೇ. ಮುಖ ಹಳೆಯದಾಗುತ್ತದೆ. ಬೇರೆ ಮುಖ ಬರುತ್ತದೆ. ಹತ್ತುವ ಜಾಗ ಗಟ್ಟಿಯಾಗಿದ್ದರೆ ಮಗು ಯಾವ ಕಾಲದಲ್ಲೂ ಹತ್ತುತ್ತದೆ, ಕೆಳಗೆ ಯಾರು ಏನು ಮಾಡಿದ್ದಾರೆಂದು ಕೇಳದೆ ಹತ್ತುತ್ತದೆ. ನೀವು ಫೈಬರಿನಲ್ಲಿ ಮಾಡಿ, ಇನ್ನೊಂದರಲ್ಲಿ ಮಾಡಿ, ಅಂಚನ್ನು ನೀವೇ ಕುಟ್ಟಿ ನೋಡಿ. ತಂಗಿಯನ್ನು ನಂಬಬೇಡಿ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಊರ್ಡಿಗೆರೆಯ ಕಡೆಯ ಒಂದು ಶಾಲೆಯ ಮೇಷ್ಟ್ರು ಜಾರುಬಂಡೆ ಬೇಕೆಂದು ಬಂದರು. ಅಣ್ಣನ ಊರು. ಇದೇ ನೆಪವೆಂದು ಮೇಷ್ಟ್ರನ್ನೇ ಕರೆದುಕೊಂಡು ಅವನ ಮನೆಗೆ ಹೋದೆ. ಅವನನ್ನು ಕೆಲಸಕ್ಕೆ ಕರೆದುಬಿಟ್ಟರೆ ಹೇಳುವುದನ್ನು ಹೇಳದೆಯೇ ಸರಿಮಾಡಬಹುದು ಎಂಬ ಲೆಕ್ಕ ನನ್ನದು. ಅಲ್ಲೂ ತಪ್ಪಿಸಿಕೊಳ್ಳುವ ದಾರಿಯನ್ನೇ ನೋಡಿದ್ದೆ.

ಅಣ್ಣನ ಸಣ್ಣ ಮಗಳು ಸುಧಾ ಬಾಗಿಲಲ್ಲೇ ನನ್ನ ಕೈ ಹಿಡಿದಳು. "ಅತ್ತೆ, ನಮ್ಮ ಸ್ಕೂಲಿಗೆ ಜಾರುಬಂಡೆ ಮಾಡ್ತೀಯಂತೆ? ನಂಗೆ ಅದನ್ನ ಹತ್ತಕ್ಕಾಗಲ್ಲ."

"ಯಾಕೇ?"

"ಅಪ್ಪ ಬಿಡಲ್ಲ. ಸಿಮೆಂಟಿಂದು ಯಾವುದನ್ನೂ ಹತ್ತಕ್ಕೆ ಬಿಡಲ್ಲ."

ಅಣ್ಣ ಅಂಗಡಿಯಿಂದ ಕೈ ಒರೆಸಿಕೊಳ್ಳುತ್ತ ಬಂದ. ಕೂದಲು ಬೆಳ್ಳಗಾಗಿತ್ತು. ಮೇಷ್ಟ್ರು ಜಾಗದ ಅಳತೆ ಹೇಳಿದರು. ನಾನು, "ನೀನೂ ಬಾರಣ್ಣ. ಗಾರೆ ನೀನು ಕಲಸು, ಬಣ್ಣ ನಾನು ನೋಡ್ಕೋತೀನಿ" ಎಂದೆ.

ಅವನು ತಲೆಯಾಡಿಸಿದ. "ಬೇಡ ಕಣವ್ವ. ನನ್ನ ಕೈ ಸರಿಯಿಲ್ಲ."

"ಯಾರಂದ್ರು?"

"ಯಾರೂ ಅನ್ಬೇಕಾಗಿಲ್ಲ. ಆ ಗುಬ್ಬಿ ಆನೇದು ನಾನು ಮಾರ್ಕೊಳ್ಳಲಿಲ್ಲ, ಅದು ನನಗೆ ಗೊತ್ತು. ನೀರೂ ಬಿದ್ದಿತ್ತು. ಅಂದ್ಮೇಲೆ ನಾನೇ ಮರಳು ಜಾಸ್ತಿ ಹಾಕಿದೀನಿ, ಕಲಸೋವಾಗ ಎಲ್ಲೋ ಕೈ ತಪ್ಪಿದೆ. ಇಷ್ಟು ವರ್ಷದಿಂದ ಮನಸ್ನಲ್ಲೇ ಅದನ್ನ ಕಲಸ್ತಾನೇ ಇದೀನಿ ಸಿದ್ದಿ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ಗೊತ್ತಾಗದೋನು ಮಕ್ಕಳು ಹತ್ತೋದನ್ನ ಕಟ್ಟಬಾರದು."

ಊರು ಅವನನ್ನು ಕಳ್ಳ ಎಂದಿದೆ ಎಂದಷ್ಟೇ ನಾನು ಇಷ್ಟು ವರ್ಷ ಕೊರಗಿದ್ದೆ. ಅವನು ಅದನ್ನು ಯಾವತ್ತೋ ಕೊಡವಿಕೊಂಡಿದ್ದ. ನಾನು ಅವನಿಂದ ಕಿತ್ತುಕೊಂಡದ್ದು ಬೇರೆ. ಅವನ ಕೈಯ ಮೇಲೆ ಅವನಿಗಿದ್ದ ನಂಬಿಕೆ. ಮೇಷ್ಟ್ರು ಕಾಫಿ ಲೋಟ ಹಿಡಿದು ಕೂತಿದ್ದರು. ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಒಳಗೆ ಕರೆದು ಗುಟ್ಟಾಗಿ ಹೇಳೋಣ ಎಂದು ಒಂದು ಗಳಿಗೆ ಅನಿಸಿತು. ಸುಳ್ಳನ್ನು ನಾಲ್ಕು ಜನರ ಮುಂದೆ ಹೇಳಿದ್ದೆ. ನಾನು ಎದ್ದು ನಿಂತೆ, ಅತ್ತಿಗೆಗೂ ಮೇಷ್ಟ್ರಿಗೂ ಕೇಳುವಂತೆ ಜೋರಾಗಿಯೇ ಹೇಳಿದೆ.

"ನಿನ್ನ ಕೈ ತಪ್ಪಿಲ್ಲಣ್ಣ. ನೀರು ಬಿದ್ದಿರಲಿಲ್ಲ. ನೀನು ಯಡಿಯೂರಿಗೆ ಹೋದ ಮಾರನೇ ದಿನವೇ ನಾನು ತುಮಕೂರಿಗೆ ಎಕ್ಸಿಬಿಷನ್ ನೋಡಕ್ಕೆ ಹೋದೆ. ಮೂರು ದಿನ ಒಂದು ತೊಟ್ಟು ನೀರು ಹಾಕಲಿಲ್ಲ. ಬಿರುಕಿಗೆ ಸಿಮೆಂಟು ಬಳಿದು ಬಣ್ಣ ಹೊಡೆದೋಳು ನಾನು. ಓವರ್‌ಸಿಯರ್ ಮುಂದೆ ಸುಳ್ಳು ಹೇಳ್ದೋಳು ನಾನು. ನೀನು ಕಲಸಿದ್ದು ಸರಿಯಾಗೇ ಇತ್ತು. ನನ್ನ ತಪ್ಪನ್ನ ಹೊಟ್ಟೆಗಾಕ್ಕೋ ಅಣ್ಣ."